ಬೇಡದ ಕಡೆ ಬಂದ ಹಕಾರ

ಕೋಟೆ ಪಟ್ಟಣದ ಸಭಾಭವನದಲ್ಲಿ ಅಷ್ಟು ಜನರನ್ನು ಕಂಡದ್ದೇ ಸಂಘಮಿತ್ರ ಕೈಯಲ್ಲಿದ್ದ ಚೀಟಿಯನ್ನು ಮತ್ತೆ ಬಿಚ್ಚಿದಳು. ಮಹಿಳಾ ಸಂಘಗಳ ಒಕ್ಕೂಟದ ವಾರ್ಷಿಕ ಸಭೆ. ಅವಳಿಗೆ ಮೊದಲ ನಿರೂಪಣೆ.

ಮೈಕ್‌ಸೆಟ್‌ನ ಮಹೇಂದ್ರ ಮೈಕಿನ ಎತ್ತರ ಸರಿಮಾಡುತ್ತಾ ಅವಳತ್ತ ನೋಡಿದ. ಒಕ್ಕೂಟದ ಕಾರ್ಯಕ್ರಮಗಳಿಗೆಲ್ಲ ಅವನೇ ಬರುತ್ತಿದ್ದ. "ಹಲೋ, ಹಲೋ" ಎನ್ನುವಾಗಲೂ ಅವನ ಕಣ್ಣು ತನ್ನನ್ನೇ ಹುಡುಕುವುದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ಕೈ ನಡುಗ್ತಾ ಅದೆ ಕಣ್ರೀ," ಅಂದ ಮೆಲ್ಲಗೆ.

"ಮೈಕ್ ನೋಡ್ರಿ. ನನ್ ಕೈ ಯಾಕ್ ನೋಡ್ತೀರಿ?"

ಅವನು ನಗುತ್ತಾ ವೇದಿಕೆ ಇಳಿದ.

ಸಾಲಿಗ್ರಾಮದ ಅವಳ ಕೇರಿಯಲ್ಲಿ ಹಾಲು ಎಂದರೆ ಆಲು, ಹಳ್ಳಿ ಎಂದರೆ ಅಳ್ಳಿ. ಕಾಲೇಜಿನಲ್ಲಿ ಅದಕ್ಕೇ ಎಲ್ಲರೂ ಅವಳನ್ನು ಆಡಿಕೊಂಡಿದ್ದರು. ಇವತ್ತು ಒಂದು ಹಕಾರವೂ ತಪ್ಪಬಾರದೆಂದು ವಾರವೆಲ್ಲ ಕನ್ನಡಿಯ ಮುಂದೆ ನಿಂತು ಹೇಳಿಕೊಂಡಿದ್ದಳು.

"ವೇದಿಕೆಯ ಮೇಲಿರುವ ಗಣ್ಯರೆಲ್ಲರಿಗೂ ಹಾದರದ ಸ್ವಾಗತ!"

ಆದರ ಎನ್ನಬೇಕಿತ್ತು. ಹಿಂದಿನ ಸಾಲಿನಲ್ಲಿ ಎದ್ದ ನಗು ಮುಂದಿನ ಸಾಲಿನವರೆಗೂ ಬಂತು. ಅತಿಥಿಯೊಬ್ಬರು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು. ದಿಕ್ಕು ತೋಚದೆ ಅವಳು ಮಹೇಂದ್ರನತ್ತ ನೋಡಿದಳು. ಅವನೂ ಭುಜ ಕುಲುಕಿಸಿ ನಗುತ್ತಿದ್ದ.

ಸಂಘಮಿತ್ರ ಪರದೆಯ ಹಿಂದಕ್ಕೆ ಓಡಿದಳು. ಅಧ್ಯಕ್ಷೆ ರುಕ್ಮಿಣಮ್ಮ ತಾವೇ ಎದ್ದು, "ಪ್ರಾರ್ಥನೆ ಮಾಡ್ರವ್ವ" ಎಂದು ಹಾಡುವವರನ್ನು ಕರೆದರು.

ಗೋಡೆಗೆ ಮುಖ ಮಾಡಿ ನಿಂತವಳ ಬಳಿ ಮಹೇಂದ್ರ ಬಂದ.

"ನಾನೂ ನಕ್ಬುಟ್ಟೆ. ತಪ್ಪಾಯ್ತು."

"ಊರೋರೆಲ್ಲ ನಕ್ಕೊಳ್ಳಿ. ನಿಮ್ಮ ಕಡೆ ಯಾಕ್ ನೋಡ್ದೆ ಅಂತ ಗೊತ್ತಾ ನಿಮಗೆ?" ಅವಳ ದನಿ ಒಡೆಯಿತು.

ಅವನ ಕಿವಿಗಳು ಕೆಂಪಾದವು. "ಗೊತ್ತು. ಅದಕ್ಕೇ ನಿಮ್ಮ ಮುಂದೆ ನಿಂತ್ಕೊಳಕ್ಕೂ ನಾಚ್ಕೆ ಆಯ್ತಾ ಅದೆ." ಪರದೆಯಾಚೆ ಇಣುಕಿ ನೋಡಿ, "ಮೈಕ್ ಕೆಟ್ಟೋಯ್ತು ಅಂತೀನಿ. ನೀವು ಹೋಗೋದೇ ಬ್ಯಾಡ ಬುಡಿ" ಎಂದ.

ಅವಳು ಕಣ್ಣೊರೆಸಿಕೊಂಡಳು. "ಇವತ್ತು ಹೋಗ್ದಿದ್ರೆ ಇನ್ಯಾವತ್ತೂ ಮೈಕ್ ಮುಂದೆ ನಿಲ್ಲಲ್ಲ ನಾನು. ಸೌಂಡ್ ಸರಿಯಾಗಿ ಕೊಡಿ."

ಪ್ರಾರ್ಥನೆ ಮುಗಿಯಿತು. ಕೆನ್ನೆ ಉರಿಯುತ್ತಿದ್ದರೂ ಅವಳು ಮೈಕಿನ ಮುಂದೆ ನಿಂತಳು.

"ಕ್ಷಮಿಸಿ. ನಮ್ಮೂರಲ್ಲಿ ನಾವು ಹಕಾರ ನುಂಗ್ತೀವಿ. ಇವತ್ತು ನುಂಗಬಾರ್ದು ಅಂತ ಹಠ ಹಿಡಿದಿದ್ದೆ, ಬೇಡದ ಕಡೆಯೇ ಬಂದ್ಬಿಡ್ತು. ನಾನು ಹೇಳೋಕೆ ಹೊರಟಿದ್ದು ಇಷ್ಟೇ. ನಿಮಗೆಲ್ಲ ಆದರದ ಸ್ವಾಗತ."

ಮತ್ತೆ ನಗು. ಈ ಸಲ ಅದರಲ್ಲಿ ಕೊಂಕಿರಲಿಲ್ಲ. "ನಮ್ಮದೂ ಅದೇ ಪಾಡು ಕಣವ್ವ, ನೀನು ಮಾತಾಡು!" ಎಂದು ಪಿರಿಯಾಪಟ್ಟಣದ ಸಂಘದ ಹೆಂಗಸರು ಚಪ್ಪಾಳೆ ತಟ್ಟಿದರು. ಮಹೇಂದ್ರ ತಲೆ ತಗ್ಗಿಸಿ ಸೌಂಡ್ ಬಾಕ್ಸಿನ ಪಕ್ಕ ನಿಂತಿದ್ದ.

ಸಭೆ ಮುಗಿದ ಮೇಲೆ ವೈರು ಸುತ್ತುತ್ತಿದ್ದವನ ಹತ್ತಿರ ಅವಳೇ ಹೋದಳು.

"ಎರಡ್ನೇ ಸಲ ಎಲ್ರೂ ನಕ್ಕಾಗ ನಗಲಿಲ್ಲ ನೀವು."

"ಅಳು ಬರೋ ಹಂಗಿತ್ತು ನನಗೆ." ವೈರು ಅವನ ಕೈಯಲ್ಲಿ ಸಿಕ್ಕಾಯಿತು. "ನಿಮ್ಮ ಮೇಲೆ ಮನಸಾಗಿ ಬೋ ದಿನ ಆಯ್ತು. ಅಂಥವನೇ ನಕ್ಕೆ. ಕೇಳಕ್ಕೆ ಮೊಖ ಇಲ್ಲ. ಆದ್ರೂ... ಭಾನುವಾರ ಸಾಲಿಗ್ರಾಮಕ್ಕೆ, ನಿಮ್ಮ ಮನೆಗೆ ಬರ್ಲಾ?"

ಅವಳು ನೆಲ ನೋಡಿದಳು. "ಭಾನುವಾರ ಬ್ಯಾಡ."

ಅವನ ಮುಖ ಬಾಡಿತು. "ಆಯ್ತು, ಬುಡಿ."

"ಅವತ್ತು ಅಪ್ಪ ಮನೇಲಿರಲ್ಲ," ಎಂದಳು ಸಂಘಮಿತ್ರ. "ಸೋಮವಾರ ಬನ್ನಿ."