ಬಿಚ್ಚದೆ ಕೊಡಬೇಕಾಗಿದ್ದ ಚೀಲ

ಮಾಘ ಮಾಸದ ಹನ್ನೊಂದರ ಬೆಳಗ್ಗೆ ಘೋರ್ನೇಟಿ ಠಾಣೆಗೆ ದೂರು ಕೊಡಲು ಬಂದವನನ್ನು ನೋಡಿ ಇನ್ಸ್‌ಪೆಕ್ಟರ್ ಟಂಕನಾಥ ಪೌಡೇಲ್‌ಗೆ ಕುಡಿಯುತ್ತಿದ್ದ ಚಹಾ ಕಹಿಯಾಯಿತು. ಐದು ವರ್ಷದ ಹಿಂದೆ ಇದೇ ಠಾಣೆಗೆ ಬೆಂಕಿ ಇಟ್ಟ ಬಂಡಾಯ ಸೈನ್ಯದ ಉಪಕಮಾಂಡರ್ ಪ್ರಹಾರ್, ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ತಾನೇ ಕುರ್ಚಿ ಎಳೆದು ಕೂತ. ಯುದ್ಧ ಮುಗಿದು ಒಪ್ಪಂದವಾಗಿತ್ತು. ಆ ಸೈನ್ಯವೆಲ್ಲ ಈಗ ಲಾಟೀಖೋಲಾ ಶಿಬಿರದಲ್ಲಿ ಸರ್ಕಾರದ ಸಂಬಳದ ಮೇಲಿತ್ತು.

"ಕಾಠ್ಮಂಡುಗೆ ಹೊರಟಿದ್ದ ಟಪಾಲು ಚೀಲವನ್ನ ನಿನ್ನೆ ಸಂಜೆ ದಾರಿಯಲ್ಲಿ ಕಿತ್ಕೊಂಡಿದ್ದಾರೆ."

"ಒಳಗೆ ಏನಿತ್ತು?"

"ಅಧಿಕಾರಿಗಳ ಸಂಬಳ, ಪಡೆಯ ಸಂಖ್ಯಾಬಲ, ಅಂಥ ಮಾಮೂಲಿ ಪತ್ರಗಳು. ಸಿಕ್ಕರೆ ಬಿಚ್ಚದೆ ನನ್ನ ಕೈಗೆ ಕೊಡಿ."

"ಮಾಮೂಲಿ ಅಂದ್ಮೇಲೆ ಬಿಚ್ಚಿದ್ರೆ ಏನಾಗುತ್ತೆ?"

ಪ್ರಹಾರ್ ದೂರಿನ ಕಾಗದವನ್ನು ಮುಂದಕ್ಕೆ ತಳ್ಳಿದ. ಎಫ್‌ಐಆರ್ ದಾಖಲಾಯಿತು.

ಚೀಲ ಒಯ್ಯುತ್ತಿದ್ದವನು ಪೇಟೆಯ ಬಾಡಿಗೆ ಬೈಕಿನ ದಿಲ್ಮನ್. ಘಾಟಿಯ ತಿರುವಿನಲ್ಲಿ ಮುಖ ಮುಚ್ಚಿಕೊಂಡ ಒಬ್ಬರು ಖುಕುರಿ ಕತ್ತಿ ಹಿಡಿದು ಅಡ್ಡ ಬಂದರಂತೆ.

"ಜೇಬಲ್ಲಿ ದುಡ್ಡಿತ್ತಾ?"

"ಇತ್ತು ಸಾಬ್. ಮುಟ್ಟಲಿಲ್ಲ."

"ಚೀಲ ತಗೊಂಡ ಮೇಲೆ?"

ದಿಲ್ಮನ್ ತಲೆ ಕೆರೆದುಕೊಂಡ. "ಕೈಕುಲುಕಿದ್ರು, ಸಾಬ್."

ಹವಾಲ್ದಾರ್ ಬಿರ್ಜು ಚೌಧರಿಗೆ ನಗು ತಡೆಯಲಾಗಲಿಲ್ಲ. "ಕಳ್ಳ ಕೈಕುಲುಕಿದ್ನಾ? ಏನು, ನಿನ್ನ ಭಾವಮೈದನಾ?"

ಟಂಕನಾಥ ನಗಲಿಲ್ಲ. ಈ ಬೆಟ್ಟಗಳಲ್ಲಿ ಹಾಗೆ ಮಾಡುವವರು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತು. ಯುದ್ಧದ ಕಾಲದಲ್ಲಿ ಬಂಡಾಯದವರು ಊರೊಳಗೆ ಬಂದರೆ ಅಜ್ಜಿಯಿಂದ ಮಗುವಿನ ತನಕ ಸಾಲಾಗಿ ಎಲ್ಲರ ಕೈಕುಲುಕುತ್ತಿದ್ದರು, ಹೊರಡುವಾಗ ಮತ್ತೆ ಕುಲುಕುತ್ತಿದ್ದರು. ಬಂದೂಕು ಕಿತ್ತುಕೊಂಡವನ ಕೈಯನ್ನೂ ಬಿಡುತ್ತಿರಲಿಲ್ಲ. ಹತ್ತು ವರ್ಷದ ರೂಢಿ, ಕಳ್ಳತನದ ಹೊತ್ತಿನಲ್ಲೂ ಕೈ ತಾನಾಗಿಯೇ ಮುಂದೆ ಬಂದಿದೆ.

"ಶಿಬಿರದವರೇ. ಕೈ ಹೇಗಿತ್ತು?"

"ಉಲ್ಲನ್ ಗವಸು ಇತ್ತು ಸಾಬ್. ಎರಡು ಬೆರಳು ಮಡಿಚ್ಕೊಂಡೇ ಇದ್ವು. ನನ್ನ ಅಂಗೈಗೆ ಒತ್ತಿದ್ವು."

ಮರುದಿನ ಜೀಪು ಶಿಬಿರಕ್ಕೆ ಹೊರಟಿತು. "ಒಬ್ಬೊಬ್ಬರನ್ನೇ ಕರೆಸಿ ಕೈ ನೋಡೋಣವಾ ಸಾಬ್?" ಎಂದ ಬಿರ್ಜು.

"ಕರೆಸೋದೇನು ಬೇಡ. ಅವರೇ ಕೊಡ್ತಾರೆ."

ಠಾಣೆ ಸುಟ್ಟಂದಿನಿಂದ ಟಂಕನಾಥ ಈ ಜನರ ಕೈ ಮುಟ್ಟಿರಲಿಲ್ಲ. ಎದುರಿಗೆ ಬಂದರೆ ತನ್ನ ಎರಡೂ ಕೈ ಜೇಬಿಗೆ ಸೇರಿಸುತ್ತಿದ್ದ. ಇವತ್ತು ಹೊರಗೆ ತೆಗೆದ. ಅತಿಥಿ ಬಂದರೆಂದು ಶಿಬಿರದ ಸೈನಿಕ ಕಂಪನಿಗಳು ಸಾಲು ನಿಂತವು. ಲಾಲ್ ಸಲಾಮ್, ಲಾಲ್ ಸಲಾಮ್. ಹೆಬ್ಬೆರಳಿಲ್ಲದ ಕೈ, ಊರುಗೋಲು ಬಿಟ್ಟು ಚಾಚಿದ ಕೈ, ಸೊಂಟದ ಮೇಲೆ ಕೂಸು ಹೊತ್ತ ಹುಡುಗಿಯ ತಣ್ಣನೆಯ ಕೈ. ದ್ವೇಷ ಮಾಡುತ್ತಲೇ ಇರೋಣ ಅಂದುಕೊಂಡು ಬಂದವನಿಗೆ ಅದು ಮನಸ್ಸಲ್ಲಿ ಉಳಿಯದೆ ತನ್ನ ಮೇಲೇ ಸಿಟ್ಟು ಬಂತು. ಮೂರನೇ ಕಂಪನಿಯ ಕೊನೆಯಲ್ಲಿ ಎರಡು ಮಡಿಚಿದ ಬೆರಳು ಅವನ ಅಂಗೈಗೆ ಒತ್ತಿದವು. ಅವನು ಕೈ ಬಿಡಲಿಲ್ಲ.

"ಹೆಸರು?"

"ಕಂಪನಿ ಕಮಾಂಡರ್ ಉಜೇಲಿ."

"ಮೊನ್ನೆ ಸಂಜೆ ಎಲ್ಲಿದ್ರಿ?"

"ಘಾಟಿಯ ತಿರುವಿನಲ್ಲಿ." ಅವಳು ದನಿ ಇಳಿಸಲಿಲ್ಲ. "ಕೈ ಬಿಡಿ, ಓಡಿಹೋಗಲ್ಲ. ಓಡೋಳಾಗಿದ್ರೆ ಯುದ್ಧದಲ್ಲೇ ಓಡ್ತಿದ್ದೆ."

ಚೀಲ ಅಡುಗೆಮನೆಯ ಅಕ್ಕಿಮೂಟೆಗಳ ಹಿಂದಿತ್ತು. ಅರಗಿನ ಮುದ್ರೆ ಹಾಗೇ ಇತ್ತು.

"ಬಿಚ್ಚದಿದ್ದ ಮೇಲೆ ಯಾಕೆ ಕದ್ರಿ?"

"ಒಳಗೇನಿದೆ ಅಂತ ಗೊತ್ತು. ಊಟದ ಸಾಲಲ್ಲಿ ಉಪಕಮಾಂಡರೇ ಹಲ್ಲು ಕಿರಿದು ಹೇಳಿದ್ರು. ಕುಂಟರನ್ನ, ಬಾಣಂತಿಯರನ್ನ ಪಡೆಯಿಂದ ಕಿತ್ತುಹಾಕಿದ್ರೆ ಉಳಿದ ದುಡ್ಡಲ್ಲಿ ನಮ್ಮಂಥ ಆಫೀಸರ್‌ಗಳ ಸಂಬಳ ಏರುತ್ತಂತೆ. ನನ್ನ ಕಂಪನಿಯ ಇವರಿಗೆ ಹೇಳಿದ್ರೆ, ದೊಡ್ಡವರು ಹಾಗೆ ಬರೀತಾರಾ ಅಂತ ನನ್ನನ್ನೇ ಬೈದ್ರು."

"ಬಿಚ್ಚಿ ತೋರಿಸಬಹುದಿತ್ತಲ್ಲ."

"ನಾನು ಬಿಚ್ಚಿದ್ರೆ ನಾನೇ ಬರೆದಿಟ್ಟೆ ಅಂತಿದ್ರು. ನೀವು ಬಿಚ್ಚಿ. ನೀವು ಶತ್ರು. ಶತ್ರು ನಮಗೋಸ್ಕರ ಸುಳ್ಳು ಹೇಳಲ್ಲ ಅಂತ ಇವರಿಗೆ ಗೊತ್ತು."

ಅಷ್ಟರಲ್ಲಿ ಪ್ರಹಾರ್ ಏದುಸಿರು ಬಿಡುತ್ತಾ ಬಂದ. "ಮಾಲು ಸಿಕ್ತಲ್ಲ. ಕೊಡಿ ಇಲ್ಲಿ."

ಕೊಟ್ಟಿದ್ದರೆ ಕೇಸು ಅಲ್ಲಿಗೆ ಮುಗಿಯುತ್ತಿತ್ತು, ಮೇಲಿನವರೂ ಬೆನ್ನು ತಟ್ಟುತ್ತಿದ್ದರು. ಟಂಕನಾಥ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡ.

"ಮಾಲು ಸಿಕ್ಕ ಜಾಗದಲ್ಲೇ ಪಂಚನಾಮೆ ಆಗಬೇಕು. ಪಂಚರ ಮುಂದೆ, ಒಂದೊಂದೇ ಪತ್ರ ಓದಿ."

"ಪಂಚರು ಯಾರು?"

ಟಂಕನಾಥ ಊರುಗೋಲಿನವನನ್ನೂ ಕೂಸಿನ ತಾಯಿಯನ್ನೂ ಮುಂದೆ ಕರೆದ. ಬಿರ್ಜು ಮುದ್ರೆ ಒಡೆದು ಮೈದಾನಕ್ಕೆಲ್ಲ ಕೇಳುವಂತೆ ಓದಿದ. ಉಜೇಲಿ ಹೇಳಿದ್ದೆಲ್ಲ ಅದರಲ್ಲಿತ್ತು, ಕಿತ್ತುಹಾಕಬೇಕಾದವರ ಹೆಸರಿನ ಪಟ್ಟಿಯೂ ಇತ್ತು, ಕೆಳಗೆ ಪ್ರಹಾರ್‌ನ ಸಹಿ ಇತ್ತು.

"ನನ್ನ ಹೆಸರು ಇನ್ನೊಂದ್ಸಲ ಓದಿ, ಅಣ್ಣಾ," ಅಂದ ಊರುಗೋಲಿನವನು. ಬಿರ್ಜು ಓದಿದ.

ಯಾರೂ ಕೂಗಾಡಲಿಲ್ಲ. ಪ್ರಹಾರ್ ನಗುಮುಖ ಮಾಡಿಕೊಂಡು ಸಾಲಿನುದ್ದಕ್ಕೂ ಕೈ ಚಾಚುತ್ತಾ ಹೋದ. ಒಬ್ಬರೂ ಕೈ ಕೊಡಲಿಲ್ಲ. ಕೊನೆ ಮುಟ್ಟುವಷ್ಟರಲ್ಲಿ ಅವನ ಮುಖ ಬೂದಿಯಾಗಿತ್ತು.

ಸಂಜೆ ಉಜೇಲಿಯನ್ನು ಬಂಧಿಸಲಾಯಿತು. ಜೀಪು ಹತ್ತುವ ಮೊದಲು ಅವಳು ಇಡೀ ಕಂಪನಿಯ ಕೈಕುಲುಕಿದಳು. ಬಹಳ ಹೊತ್ತು ಹಿಡಿಯಿತು. ಟಂಕನಾಥ ಅವಸರ ಮಾಡಲಿಲ್ಲ.

ಠಾಣೆಯಲ್ಲಿ ಬಿರ್ಜು ಬಂಧನದ ವರದಿ ಬರೆಯುತ್ತಾ ಪೆನ್ನು ನಿಲ್ಲಿಸಿದ. "ಫಾರಂನಲ್ಲಿ ಕೃತ್ಯದ ಉದ್ದೇಶ ಏನು ಅಂತ ಕೇಳಿದ್ದಾರೆ ಸಾಬ್. ದುರಾಸೆ ಅನ್ನಲಾ?"

"ಅಲ್ಲ. ಬರಿ: ತನ್ನ ಸಂಬಳ ಏರದಂತೆ ತಡೆಯುವುದು."