ಗಾಜಿನ ಮೇಲಿನ ಬೆರಳಚ್ಚು

ಕನ್ನಡಕದ ಅಂಗಡಿಯವನು ಮೊದಲು ಮಾಡಿದ ಕೆಲಸವೇ ತಪ್ಪಾಯಿತು. ಯಾರು ಕನ್ನಡಕ ಕೊಟ್ಟರೂ ಕೇಳುವ ಮುಂಚೆ ಒರೆಸುವುದು ಅವನ ಕೈಗಂಟಿದ ಚಾಳಿ. ಅವಳು ಪೆಟ್ಟಿಗೆ ತೆರೆದಿಟ್ಟಳು. ಅವನು ಎತ್ತಿ, ಉಸಿರು ಊದಿ, ಮೆತ್ತನೆಯ ಬಟ್ಟೆಯಲ್ಲಿ ತಿಕ್ಕಿ ಬೆಳಕಿಗೆ ಹಿಡಿದ.

"ಈಗ ನೋಡಿ, ಫಳಫಳ. ಏನಾಗ್ಬೇಕಿತ್ತು?"

"ಈ ಫ್ರೇಮಿಗೆ ನನ್ನ ಲೆನ್ಸ್ ಹಾಕ್ಬೇಕು. ಹಳೇ ಗಾಜು ಹಾಗೇ ವಾಪಸ್ ಬೇಕಿತ್ತು. ಅದರ ಮೇಲೆ ನನ್ನ ಗಂಡನ ಬೆರಳಚ್ಚಿತ್ತು."

"ಅವರನ್ನೂ ಕರ್ಕೊಂಡು ಬನ್ನಿ, ಇನ್ನೊಂದು ಒತ್ತಿಸೋಣ."

"ಅವರು ತೀರ್ಕೊಂಡಿದಾರೆ."

ಬಸ್ಸು ತಪ್ಪಿತು ಎನ್ನುವ ದನಿಯಲ್ಲಿ ಹೇಳಿದಳು. ಅಳು ಬರಬಹುದೇನೋ ಎಂದು ಅವಳೂ ಕಾದಳು. ಬರಲಿಲ್ಲ. ಅವನು ಮಾತ್ರ ಬಟ್ಟೆಯನ್ನು ಬಿಡಿಸಿ, ಏನಾದರೂ ಉಳಿದಿದೆಯೇ ಎಂಬಂತೆ ನೋಡುತ್ತ ನಿಂತ.

ಆಮೇಲೆ ಅವಳ ಕಣ್ಣು ಪರೀಕ್ಷಿಸಿದ.

"ಇದು ಚೆನ್ನಾಗಿ ಕಾಣುತ್ತಾ, ಇದಾ?"

"ಎರಡೂ ಒಂದೇ."

"ಒಂದೇ ಇರೋಕೆ ಸಾಧ್ಯವಿಲ್ಲ."

"ನನಗೆ ಈಚೆಗೆ ಎಲ್ಲಾ ಒಂದೇ."

ಅವನು ಬಗ್ಗಿ ಅವಳ ಕಣ್ಣೊಳಗೆ ನೋಡಿದ. ವೃತ್ತಿಯ ನೋಟವೇ, ಆದರೆ ರೆಪ್ಪೆ ಮೊದಲು ಬಡಿದದ್ದು ಅವನದು. "ನಿಮ್ಮ ಕನ್ನಡಕಾನೇ ಸೊಟ್ಟಗಿದೆ," ಎಂದಳು.

"ದೀಪದ ಬುಡದಲ್ಲೇ ಅಲ್ವೇನ್ರೀ ಕತ್ತಲು?"

ಅವಳಿಗೆ ನಗು ಬಂತು. ಅದು ಎಲ್ಲಿತ್ತೋ.

ಫ್ರೇಮು ಅವಳ ಮುಖಕ್ಕೆ ದೊಡ್ಡದು, ಮೂಗಿನಿಂದ ಜಾರುತ್ತಿತ್ತು. ಸರಿಮಾಡಿಸಲು ಹೋದಳು, ಮತ್ತೆ ಹೋದಳು. ಒಂದು ದಿನ ಅವನು ಕಿವಿಯ ಹಿಂದೆ ಕಡ್ಡಿ ಕೂರಿಸುತ್ತ, "ಮುಂದಿನ ಸಲ ಏನೂ ಕೆಡದೇ ಇದ್ರೂ ಬನ್ನಿ," ಎಂದ.

ಅಂದಿನಿಂದ ಹೋಗುವುದನ್ನೇ ಬಿಟ್ಟಳು.

"ಯಾಕೆ, ಕನ್ನಡಕ ಜಾರೋದು ನಿಂತುಹೋಯ್ತಾ?" ಬಟಾಣಿ ಸುಲಿಯುತ್ತ ಅತ್ತೆ ಕೇಳಿದರು.

"ಅತ್ತೆ, ನಿಮ್ಮ ಮಗನ ಕೊನೇ ಗುರುತು ಒರೆಸಿದವರು ಅವರು. ಅವರ ಜೊತೆ ಹೇಗೆ?"

ಅತ್ತೆಯ ಕೈ ನಿಂತಿತು. "ಆ ಬೆರಳಚ್ಚು ನಂದು ಕಣೆ. ಪೇಪರ್ ಓದೋಕೆ ಅವನದ್ದು ಹಾಕ್ಕೊಂಡಿದ್ದೆ, ಕೈ ಜಿಡ್ಡಾಗಿತ್ತು. ನೀನು ಅದನ್ನೇ ನೋಡ್ಕೊಂಡು ಕೂತಿರ್ತಿದ್ದೆ, ಹೇಳೋಕೆ ಬಾಯಿ ಬರ್ಲಿಲ್ಲ."

ಅದು ದೂರ ನೋಡುವ ಕನ್ನಡಕ. ಅದನ್ನು ಹಾಕಿಕೊಂಡರೆ ಅತ್ತೆಗೆ ಪೇಪರಿನ ಒಂದಕ್ಷರವೂ ಕಾಣುತ್ತಿರಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ಸೊಸೆಗಾಗಿ ಮಗನ ಬೆರಳಚ್ಚನ್ನೇ ಬಿಟ್ಟುಕೊಟ್ಟಿದ್ದರು.

ಆಗ ಅವಳಿಗೆ ಅಳು ಬಂತು. ಅತ್ತೆ ತಲೆ ಎತ್ತಲಿಲ್ಲ. ಮತ್ತೆ ಬಟಾಣಿ ಸುಲಿಯತೊಡಗಿದರು.

ಮರುದಿನ ಅವಳು ಕನ್ನಡಕವನ್ನು ಅಂಗಡಿಯವನ ಮುಂದಿಟ್ಟಳು. ಗಾಜಿನ ಮೇಲೆ ಒಣಗಿದ ಕಣ್ಣೀರಿನ ಕಲೆಯಿತ್ತು. ಅವನ ಕೈ ತಾನಾಗಿ ಬಟ್ಟೆಯತ್ತ ಹೋಯಿತು, ಅರ್ಧದಲ್ಲಿ ನಿಂತಿತು.

"ಒರೆಸ್ಲಾ?"

"ಒರೆಸಿ. ಇವತ್ತು ಏನೂ ಕೆಟ್ಟಿಲ್ಲ. ಆದ್ರೂ ಬಂದೆ."

ಅವನು ನಿಧಾನವಾಗಿ ಒರೆಸಿ ಅವಳಿಗೆ ತೊಡಿಸಿದ. ಅವಳು ಅವನನ್ನು ನೋಡಿದಳು.

"ಇನ್ನೂ ಸೊಟ್ಟಗೇ ಇದೆ," ಎಂದು ಕೈ ಚಾಚಿ ಅವನ ಕನ್ನಡಕವನ್ನು ನೆಟ್ಟಗೆ ಮಾಡಿದಳು. ಹೆಬ್ಬೆರಳು ತಗುಲಿ ಗಾಜಿನ ಮೇಲೆ ಅಚ್ಚು ಬಿತ್ತು.

ಬಟ್ಟೆ ಅವನ ಕೈಯಲ್ಲೇ ಇತ್ತು. ಅವನು ಒರೆಸಲಿಲ್ಲ.