ಅಜ್ಜಿಯ ಹೆಸರಿನ ಚಿಮಿಚುರಿ

ಬೇರೊಬ್ಬರ ಹೆಸರಿಗೆ ಬಂದ ಪ್ರೀತಿಯನ್ನು ಬಿಚ್ಚಿ ಓದಿದರೆ ಅದು ಕಳ್ಳತನವೇ?

ಶುಕ್ರವಾರ ಸಂಜೆ ಡೈರಿಯಲ್ಲಿ ಇಷ್ಟು ಬರೆದ ಇರುಪೆ, 'ಪ್ರೀತಿ' ಎಂಬ ಮಾತನ್ನು ಹೊಡೆದುಹಾಕಿ ಅದರ ಮೇಲೆ 'ಧನ್ಯವಾದ' ಎಂದು ತಿದ್ದಿದಳು. ತಿದ್ದಿದ ಮೇಲೂ ಮನಸ್ಸು ಹಗುರಾಗಲಿಲ್ಲ.

ಊರಿನ ಬೋಚೆ ಕ್ಲಬ್ಬಿನಲ್ಲಿ, ಮರದ ಗುಂಡು ಉರುಳಿಸುವ ಆಟ ಮುಗಿದ ಮೇಲೆ, ಪ್ರತಿ ಭಾನುವಾರ ಮಧ್ಯಾಹ್ನ ಕೆಂಡದ ಮೇಲೆ ಮಾಂಸ ಸುಡುತ್ತಾರೆ. ಅದಕ್ಕೆ ಹಚ್ಚಿಕೊಳ್ಳುವ, ಹಸಿರು ಚಟ್ನಿಯಂಥ ಚಿಮಿಚುರಿ ನಲವತ್ತು ವರ್ಷದಿಂದ ಇರುಪೆಯ ಅಜ್ಜಿ ಫೆಲಿಸಾಳದು. ಹಾಗೆಂದು ಊರೆಲ್ಲ ತಿಳಿದಿತ್ತು. ಆದರೆ ಹೋದ ಚಳಿಗಾಲದ ಜ್ವರ ಅಜ್ಜಿಯ ಮೂಗಿನಿಂದ ವಾಸನೆಯನ್ನೂ ನಾಲಿಗೆಯಿಂದ ರುಚಿಯನ್ನೂ ಒಟ್ಟಿಗೇ ಹೊತ್ತುಕೊಂಡು ಹೋಗಿತ್ತು. ಅಂದಿನಿಂದ ಶನಿವಾರ ಶನಿವಾರ ಸೊಪ್ಪು ಹೆಚ್ಚುವವಳು ಇರುಪೆ.

ಅಜ್ಜಿ ಎದುರಿಗೆ ಕೂತು ಕಿವಿಯಿಂದಲೇ ಮಾಡಿಸುತ್ತಿದ್ದಳು. ಚಾಕು ಮೊಂಡಾಗಿದೆ, ಪಾರ್ಸ್ಲಿ ಸೊಪ್ಪು ಜಜ್ಜಿಹೋಗುತ್ತಿದೆ, ಸದ್ದು ಕೇಳಿದರೆ ತಿಳಿಯುವುದಿಲ್ಲವೇ ಎಂದು ಗದರುವಳು. ಒಣಗಿದ ಒರೆಗಾನೊ, ಕುಟ್ಟಿದ ಕೆಂಪು ಮೆಣಸಿನಕಾಯಿ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ನೆನೆಯಬೇಕು. ಬೆಳ್ಳುಳ್ಳಿ ಸಾಸಿವೆಯಷ್ಟು ಸಣ್ಣಗಾಗಬೇಕು. ಆಮೇಲೆ ವಿನೆಗರ್, ಎಲ್ಲಕ್ಕೂ ಕೊನೆಗೆ ಎಣ್ಣೆ. ಸೀಸೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಭಾನುವಾರದವರೆಗೆ ಮುಟ್ಟುವ ಹಾಗಿಲ್ಲ. ತಾನು ಮಣ್ಣಿಗೆ ಹೋಗುವವರೆಗೂ ಈ ವಿಷಯ ಹೊಸಿಲು ದಾಟಬಾರದೆಂದು ಅಜ್ಜಿ ಮೊಮ್ಮಗಳಿಂದ ಮಾತು ತೆಗೆದುಕೊಂಡಿದ್ದಳು. ಅಜ್ಜಿಗೆ ಆ ಕ್ಲಬ್ಬಿನಲ್ಲಿ ಒಂದು ಕುರ್ಚಿ ಇತ್ತು, ಆ ಕುರ್ಚಿಗೆ ಕಾರಣ ಈ ಸೀಸೆ.

ಕಷ್ಟ ಬಂದದ್ದು ಲಿಸಾಂದ್ರೊನಿಂದ. ನದಿ ದಡದಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುವವನು. ಕ್ಲಬ್ಬಿನ ಬೆಂಕಿಯನ್ನು ಇಪ್ಪತ್ತಾರು ವರ್ಷ ನೋಡಿಕೊಂಡಿದ್ದ ಅವನ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮನೆ ಬಿಟ್ಟು ಹೊರಡದ ಅಪ್ಪನಿಗಾಗಿ ಲಿಸಾಂದ್ರೊ ಪ್ರತಿ ಭಾನುವಾರ ಉಳಿದ ಚಿಮಿಚುರಿ ಒಯ್ಯುತ್ತಿದ್ದ. ಸೋಮವಾರ ಸೀಸೆ ತೊಳೆದು, ಇರುಪೆ ಕೆಲಸ ಮಾಡುವ ಲೈಬ್ರರಿಗೆ ತಂದುಕೊಡುತ್ತಿದ್ದ. ಒಳಗೆ ಅಜ್ಜಿಗೆಂದು ಬರೆದು ಸುರುಳಿ ಸುತ್ತಿದ ಒಂದು ಚೀಟಿ, ಹಿರಿಯಳನ್ನು ಗೌರವದಿಂದ ಕರೆಯುವ 'ದೋನ್ಯಾ' ಎಂಬ ಮಾತಿನಿಂದ ಶುರುವಾಗುವುದು.

'ದೋನ್ಯಾ ಫೆಲಿಸಾ, ಈ ಸಲ ಖಾರ ಜಾಸ್ತಿ. ಯಾರ ಮೇಲೆ ಕೋಪ ಬಂದಿತ್ತು? ಕೋಪ ಹೀಗೇ ಇರಲಿ, ಚೆನ್ನಾಗಿತ್ತು.' ಇನ್ನೊಂದು ವಾರ: 'ಬ್ರೆಡ್ಡಿಗೆ ಹಚ್ಚಿ ಕೊಟ್ಟೆ. ಅಪ್ಪ ನಾಲ್ಕು ತಿಂಗಳ ಮೇಲೆ ಮೊದಲ ಸಲ ನಕ್ಕರು. ನಿಮ್ಮ ಕೈಗೆ ಏನು ಕೊಟ್ಟರೂ ಕಡಿಮೆಯೇ.'

ಒಮ್ಮೆ ಸೀಸೆ ಕೊಡುವಾಗ ಅವನ ನೋಟ ಅವಳ ಬೆರಳ ತುದಿಗಳ ಮೇಲೆ ನಿಂತಿತು. ಉಗುರಿನ ಸಂದಿಯಲ್ಲಿ ಹಸಿರು. ಅಜ್ಜಿಗೆ ಸಹಾಯ ಮಾಡುತ್ತೀಯಾ ಎಂದು ಕೇಳಿದ. ಸೊಪ್ಪು ತೊಳೆದುಕೊಡುತ್ತೇನೆ ಎಂದು ಅವಳು ಕೈ ಹಿಂದೆ ಎಳೆದುಕೊಂಡಳು. ಅವನು ನಕ್ಕ. ಆ ನಗು ಅವಳ ಕಿವಿಯಲ್ಲಿ ಬಂದು ಕೂತು, ಬುಧವಾರದವರೆಗೂ ಏಳಲಿಲ್ಲ.

ಡೈರಿ ಬರೆದ ಮರುದಿನ, ಶನಿವಾರ, ಲೈಬ್ರರಿಯಲ್ಲಿ ಪುಸ್ತಕ ಎಣಿಸುವ ಕೆಲಸವಿತ್ತು. ಇರುಪೆ ಮನೆಗೆ ಬಂದಾಗ ಮೇಜಿನ ಮೇಲೆ ಸೀಸೆ ತುಂಬಿ, ಬಟ್ಟೆ ಕಟ್ಟಿ ಸಿದ್ಧವಾಗಿತ್ತು. ಅಡುಗೆಮನೆಯ ತುಂಬ ಬೆಳ್ಳುಳ್ಳಿ, ವಿನೆಗರಿನ ಘಾಟು. ಅಜ್ಜಿ ಏಪ್ರನ್ ಬಿಚ್ಚುತ್ತಿದ್ದಳು.

"ನಾಳೆ ಆ ಹುಡುಗನ ಮೊದಲ ಬೆಂಕಿ," ಎಂದಳು. "ಅವನಪ್ಪನ ಜಾಗದಲ್ಲಿ ನಿಲ್ತಾನೆ. ನಾನೇ ಕೈಯಾರೆ ಮಾಡ್ದೆ. ಮೂಗು ಮರೆತರೆ ಕೈನೂ ಮರೆಯುತ್ತಾ?"

ಒಂದು ಚಮಚ ರುಚಿ ನೋಡಬೇಕೆಂದು ಇರುಪೆಗೆ ಅನ್ನಿಸಿತು. ಆದರೆ ಬಟ್ಟೆ ಬಿಚ್ಚಿದರೆ ಅಜ್ಜಿಯ ಕೈಯನ್ನೇ ಪರೀಕ್ಷೆ ಮಾಡಿದ ಹಾಗೆ. ಬಿಚ್ಚಲಿಲ್ಲ.

ಭಾನುವಾರ ಲಿಸಾಂದ್ರೊ ಬೆಳಗಿನಿಂದ ಬೆಂಕಿಯ ಮುಂದೆ. ಹೊಗೆಗೆ ಕಣ್ಣು ಕೆಂಪಾಗಿತ್ತು, ಹಣೆಯ ಮೇಲೆ ಮಸಿ. ಪಕ್ಕೆಲುಬು ತಿರುಗಿಸುವಾಗಲೆಲ್ಲ ಅಪ್ಪ ಎಲ್ಲೋ ನಿಂತು ನೋಡುತ್ತಿದ್ದಾರೇನೋ ಎಂಬಂತೆ ಹೆಗಲು ಬಿಗಿಯುತ್ತಿದ್ದ. ಊಟದ ನಡುವೆ ಬೆಂಕಿ ನೋಡಿಕೊಂಡವನಿಗೆ ಎಲ್ಲರೂ ಚಪ್ಪಾಳೆ ತಟ್ಟುವುದು ಪದ್ಧತಿ. ಅವನಿಗೆ ಇವತ್ತು ಬೇಕಾಗಿದ್ದದ್ದು ಅದೊಂದೇ. ಮನೆಗೆ ಹೋಗಿ ಅಪ್ಪನಿಗೆ ಹೇಳಬೇಕಿತ್ತು.

ಅಜ್ಜಿ ತಾನೇ ಸೀಸೆ ಹಿಡಿದು ಅವನ ಹತ್ತಿರ ಹೋದಳು, ಯಾವತ್ತಿನ ಹಾಗೆ ತನ್ನ ಕೈಯದೇ ಎಂದು ಹೇಳಿ ಕೊಟ್ಟಳು. ಅವನು ಬ್ರೆಡ್ಡಿನ ತುಂಡಿಗೆ ಒಂದಿಷ್ಟು ಹಚ್ಚಿ ಬಾಯಿಗಿಟ್ಟ.

ಅಗಿಯುತ್ತಿದ್ದವನು ನಿಂತ.

ಅವನ ಕಣ್ಣು ಅಜ್ಜಿಯ ಮುಖ ನೋಡಿತು, ಅಲ್ಲಿಂದ ಸೀಸೆ, ಸೀಸೆಯಿಂದ ನೇರವಾಗಿ ಮೇಜಿನ ತುದಿಯಲ್ಲಿ ಕೂತ ಇರುಪೆಯ ಮೇಲೆ. ಹಾಗೆ ಅವನು ಎಂದೂ ಅವಳನ್ನು ನೋಡಿರಲಿಲ್ಲ. ಒಂದು ವರ್ಷ ಬಾಗಿಲಾಚೆ ನಿಂತು ಮಾತಾಡಿದವನು ಒಮ್ಮೆಗೇ ಬಾಗಿಲು ತೆರೆದು ನೋಡಿದ ಹಾಗಿತ್ತು. ಆಮೇಲೆ ಅವನು ತುತ್ತು ನುಂಗಿ, ಅಜ್ಜಿಯ ಕೆನ್ನೆಗೆ ಮುತ್ತಿಟ್ಟು, ತುಂಬಾ ಚೆನ್ನಾಗಿದೆ ದೋನ್ಯಾ ಫೆಲಿಸಾ ಎಂದ.

ಸೀಸೆ ಕೈಯಿಂದ ಕೈಗೆ ಬಂದು ಇರುಪೆಯ ತಟ್ಟೆ ತಲುಪಿದಾಗ ಅವಳಿಗೂ ತಿಳಿಯಿತು. ಕೊತ್ತಂಬರಿ. ತರಕಾರಿ ಮಾರುವ ಸೆವೆರಿನಾ ತನ್ನ ನಾಡಾದ ಬೊಲಿವಿಯಾದವರಿಗೆಂದು ಕೊತ್ತಂಬರಿ ಕಟ್ಟನ್ನು ಪಾರ್ಸ್ಲಿಯ ಪಕ್ಕದಲ್ಲೇ ಇಡುತ್ತಾಳೆ. ಎಲೆ ನೋಡಿದರೆ ಅಕ್ಕತಂಗಿಯರು, ಬೇರೆ ಮಾಡಿ ಹೇಳುವುದು ಮೂಗು. ಅಜ್ಜಿಗೆ ಮೂಗೇ ಇಲ್ಲ. ಕೊತ್ತಂಬರಿ ರೂಢಿಯಿಲ್ಲದ ಈ ಊರಿನ ನಾಲಿಗೆಗೆ ಅದು ಬಟ್ಟೆ ಸೋಪಿನ ರುಚಿ; ಚಿಮಿಚುರಿಗೆ ಅದನ್ನು ಹಾಕಿದವರಿಗೆ ಹತ್ತು ವರ್ಷವಾದರೂ ಗೇಲಿಯಿಂದ ಬಿಡುಗಡೆ ಇರುವುದಿಲ್ಲ.

ದೊನ್ ಆನ್ಸೆಲ್ಮೊ ಫೋರ್ಕ್ ಕೆಳಗಿಟ್ಟ. ಕ್ಲಬ್ಬಿನ ಹಿರಿಯ, ಬಾಯಿಗೆ ಬೀಗವಿಲ್ಲದವನು.

"ಇದಕ್ಕೆ ಬಟ್ಟೆ ಸೋಪು ಕರಗಿಸಿದ್ದು ಯಾರಪ್ಪಾ?"

ಇರುಪೆ ಮೇಜಿನ ಕೆಳಗೆ ಬೆರಳು ಹಿಚುಕಿಕೊಂಡಳು. ಬಾಯಿ ತೆರೆದರೆ ಅಜ್ಜಿಯ ಕುರ್ಚಿ ಹೋಗುತ್ತದೆ. ತೆರೆಯದಿದ್ದರೂ ಇನ್ನೊಂದು ಗಳಿಗೆಗೆ ಹೋಗುತ್ತದೆ.

"ನಾನು, ದೊನ್ ಆನ್ಸೆಲ್ಮೊ," ಎಂದ ಲಿಸಾಂದ್ರೊ, ಇಕ್ಕಳ ಎತ್ತಿ ಹಿಡಿದು. "ದೋನ್ಯಾ ಕೊಟ್ಟದ್ದು ಸ್ವಲ್ಪ ತೆಳು ಅನ್ನಿಸ್ತು. ಒಂದು ಹಿಡಿ ಕೊತ್ತಂಬರಿ ಹೆಚ್ಚಿ ಹಾಕ್ಬಿಟ್ಟೆ."

ಆಮೇಲೆ ಅವನಿಗೆ ಬಿದ್ದ ಮಾತು ಒಂದೆರಡಲ್ಲ. ಅಪ್ಪ ಬೆಂಕಿ ಕೊಟ್ಟರೆ ಮಗ ಬುದ್ಧಿ ಮಾರಿಕೊಂಡ ಎಂದರು. ನಾಳೆ ಮಾಂಸಕ್ಕೆ ಜಾಮ್ ಹಚ್ಚುತ್ತಾನೆ, ನೋಡಿ ಎಂದರು. ಚಪ್ಪಾಳೆ ಈ ವಾರಕ್ಕೆ ರದ್ದು ಎಂದು ಆನ್ಸೆಲ್ಮೊ ತೀರ್ಪು ಕೊಟ್ಟ. ಎಲ್ಲರಿಗಿಂತ ಹೆಚ್ಚು ಬೈದವಳು ಅಜ್ಜಿಯೇ. ಅವಳು ಅವನ ಮಾತನ್ನು ಪೂರಾ ನಂಬಿಬಿಟ್ಟಿದ್ದಳು.

"ನಲವತ್ತು ವರ್ಷದ ಸಾಸಿಗೆ ಸೊಪ್ಪು ಹಾಕೋಕೆ ನೀನ್ಯಾರೋ? ನಿಮ್ಮಪ್ಪ ಉಪ್ಪು ಸಮೇತ ನನ್ನ ಕೇಳಿ ಹಾಕ್ತಿದ್ದ."

"ತಪ್ಪಾಯ್ತು, ದೋನ್ಯಾ."

ಅವನು ತಲೆ ತಗ್ಗಿಸಿ ನಿಂತು ಅಷ್ಟನ್ನೂ ಕೇಳಿಸಿಕೊಂಡ. ಅಜ್ಜಿ ಉಸಿರು ತೆಗೆದುಕೊಳ್ಳಲೆಂದು ಕೂತಳು, ಒಂದು ಪಕ್ಕೆಲುಬು ಕಡಿದಳು, ಹಲ್ಲಿಗೆ ಅದು ಬೆಣ್ಣೆಯಂತೆ ಸಿಕ್ಕಿರಬೇಕು. ಸೊಪ್ಪು ಬೇರೆ, ಮಾಂಸ ಬೇರೆ ಎಂದು ಗೊಣಗುತ್ತ ತಾನೇ ಚಪ್ಪಾಳೆ ಶುರುಮಾಡಿದಳು. ಒಬ್ಬೊಬ್ಬರಾಗಿ ಸೇರಿದರು. ಕೊನೆಗೆ ಆನ್ಸೆಲ್ಮೊ ಕೂಡ, ಎರಡೇ ಸಲ ತಟ್ಟಿ ಕೈ ಒರೆಸಿಕೊಂಡ.

ಇರುಪೆಗೆ ಚಪ್ಪಾಳೆ ತಟ್ಟಲಾಗಲಿಲ್ಲ. ಕಣ್ಣು ತುಂಬಿ ಎದುರಿನ ಮೇಜೇ ಕಾಣುತ್ತಿರಲಿಲ್ಲ. ತನ್ನ ಜೀವಮಾನದ ಚಪ್ಪಾಳೆಯನ್ನು ಅವನು ಒಬ್ಬ ಮುದುಕಿಯ ಮಾನಕ್ಕಾಗಿ ಬೂದಿಗೆ ಎಸೆಯಲು ಸಿದ್ಧನಾಗಿದ್ದ, ಅದೂ ಯಾರೂ ಕೇಳದೆ.

ಜನ ಕಾಫಿಗೆಂದು ಒಳಗೆ ಹೋದ ಮೇಲೆ ಅವಳು ಒಲೆಯ ಹತ್ತಿರ ಹೋದಳು. ಅವನು ಮಾಂಸ ಸುಟ್ಟ ಕಂಬಿಗಳ ಮೇಲಿನ ಜಿಡ್ಡು ಕೆರೆಯುತ್ತಿದ್ದ. ಹತ್ತಿರದಿಂದ ನೋಡಿದರೆ ಅವನ ರೆಪ್ಪೆಗಳ ಮೇಲೂ ಬೂದಿ ಕೂತಿತ್ತು. ಥ್ಯಾಂಕ್ಸ್ ಹೇಳಬೇಕೆಂದು ಬಂದವಳಿಗೆ ಆ ಬೂದಿ ಒರೆಸಬೇಕು ಅನ್ನಿಸಿ, ಇದ್ದ ಮಾತೂ ಮರೆತುಹೋಯಿತು.

"ಎಷ್ಟು ದಿನದಿಂದ ದೋನ್ಯಾಗೆ ವಾಸನೆ ಇಲ್ಲ?" ತಲೆಯೆತ್ತದೆ, ಮೆಲ್ಲಗೆ ಕೇಳಿದ.

"ಹೋದ ಚಳಿಗಾಲದಿಂದ."

"ಯಾರಿಗೂ ಹೇಳಲ್ಲ." ಇನ್ನೆರಡು ಸಲ ಕೆರೆದ. "ಹಾಗಾದ್ರೆ ಒಂದು ಹೇಳು. ಈ ವರ್ಷ ಪೂರ್ತಿ ನಾನು ಯಾರಿಗೆ ಬರೀತಿದ್ದೆ?"

ಅಜ್ಜಿಗೆ ಎನ್ನುವ ಉತ್ತರ ಸುಲಭವಾಗಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಹಾಗೆಂದರೆ ಅವನು ತಲೆಯಾಡಿಸುತ್ತಾನೆ, ಅವಳು ಮನೆಗೆ ಹೋಗುತ್ತಾಳೆ, ಎಲ್ಲ ಮೊದಲಿನ ಹಾಗೇ ಇರುತ್ತದೆ. ಅವನು ಕೆರೆಯುವುದನ್ನು ನಿಲ್ಲಿಸಿ ಕಾದ. ಅವನ ಕತ್ತಿನ ನರ ಮಿಡಿಯುವುದು ಅವಳಿಗೆ ಕಾಣಿಸಿತು. ಅವನಿಗೂ ಹೆದರಿಕೆಯಿದೆ ಎಂದು ಗೊತ್ತಾದಾಗ ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ನನಗೆ," ಎಂದಳು ಇರುಪೆ. ದನಿ ಅವಳು ಎಣಿಸಿದ್ದಕ್ಕಿಂತ ಜೋರಾಗಿಯೇ ಬಂತು. "ಅಜ್ಜಿಗೆ ಒಂದನ್ನೂ ಓದಿ ಹೇಳ್ಲಿಲ್ಲ, ಲಿಸಾಂದ್ರೊ. ಎಲ್ಲಾನೂ ನನಗೇ ಬೇಕಿತ್ತು."